ತರಗತಿಗೆ ಬಂದ ಕ್ಷುದ್ರಗ್ರಹ

ಸಿವಿಲ್ ಇಂಜಿನಿಯರ್ ಸೇತುವೆ ಕಟ್ಟುತ್ತಾರೆ, ಮೆಕ್ಯಾನಿಕಲ್ ಇಂಜಿನಿಯರ್ ಯಂತ್ರ ಮಾಡುತ್ತಾರೆ ಎಂಬುದು ನಿಮಗೆಲ್ಲ ಗೊತ್ತು. ಆದರೆ ಸಿಸ್ಟಮ್ಸ್ ಇಂಜಿನಿಯರಿಂಗ್, ಅಂದರೆ ವ್ಯವಸ್ಥಾ ಇಂಜಿನಿಯರಿಂಗ್ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ಅಣ್ಣನೋ ಅಕ್ಕನೋ ನಿಮ್ಮ ನೆಂಟರಲ್ಲಿ ಇದ್ದರೆ, 'ನೀವು ಏನು ಕಟ್ಟುತ್ತೀರಿ?' ಎಂದು ಕೇಳಿ ನೋಡಿ. ಉತ್ತರ ಹೇಳಲು ಅವರು ಸ್ವಲ್ಪ ತಡವರಿಸುತ್ತಾರೆ. ಏಕೆಂದರೆ ಅವರು ಯಾವ ಭಾಗವನ್ನೂ ಕಟ್ಟುವುದಿಲ್ಲ. ಬೇರೆಯವರು ಕಟ್ಟಿದ ಭಾಗಗಳು ಒಂದಕ್ಕೊಂದು ಹೊಂದಿಕೊಂಡು, ಗೊತ್ತಾದ ದಿನದೊಳಗೆ, ಗೊತ್ತಾದ ಕೆಲಸ ಮಾಡುವಂತೆ ನೋಡಿಕೊಳ್ಳುವುದೇ ಅವರ ವಿದ್ಯೆ.

ಇದೇನು ಮಹಾ ವಿದ್ಯೆ, ಭಾಗಗಳೆಲ್ಲ ಚೆನ್ನಾಗಿದ್ದರೆ ಇಡಿಯೂ ಚೆನ್ನಾಗಿರುತ್ತದಲ್ಲವೇ ಎಂದು ನೀವು ಕೇಳಬಹುದು. ನಾನು ಕೆಲಸ ಮಾಡುವ ಸ್ಟುಡಿಯೋವನ್ನೇ ತೆಗೆದುಕೊಳ್ಳಿ. ಎಲ್.ಇ.ಡಿ. ದೀಪಗಳು ಬರುವ ಮೊದಲಿನ ಮಾತು. ಅತಿಥಿಯ ಮುಖ ಸ್ಪಷ್ಟವಾಗಿ ಕಾಣಲೆಂದು ಬೆಳಕಿನವರು ಇನ್ನೆರಡು ದೀಪ ಹಚ್ಚುತ್ತಿದ್ದರು. ಆ ಬಿಸಿಗೆ ಅತಿಥಿ ಬೆವರುತ್ತಿದ್ದರು. ಹವಾನಿಯಂತ್ರಣ ಯಂತ್ರವನ್ನು ಜೋರು ಮಾಡಿದರೆ ಅದರ ಸದ್ದು ಮೈಕಿಗೆ ಬೀಳುತ್ತಿತ್ತು. ಮೂವರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಕೆಟ್ಟದ್ದು ಕಾರ್ಯಕ್ರಮ ಮಾತ್ರ! ದೀಪ, ಯಂತ್ರ, ಮೈಕು ಇವುಗಳ ನಡುವಿನ ಸಂಬಂಧಕ್ಕೆ ಒಡೆಯರಾರೂ ಇರಲಿಲ್ಲ. ಆ ಒಡೆತನವನ್ನು ಕಲಿಸುವ ಶಾಸ್ತ್ರವೇ ವ್ಯವಸ್ಥಾ ಇಂಜಿನಿಯರಿಂಗ್.

ಇದನ್ನು ಉಪನ್ಯಾಸದಿಂದ ಮಾತ್ರ ಕಲಿಸುವುದು ಕಷ್ಟ. ಆದ್ದರಿಂದಲೇ ಈ ವಿಷಯದ ಹೆಚ್ಚಿನ ವ್ಯಾಸಂಗದಲ್ಲಿ ಇಡೀ ತರಗತಿ ಸೇರಿ ಮಾಡುವ ಪ್ರಾಜೆಕ್ಟಿಗೆ ದೊಡ್ಡ ಸ್ಥಾನವಿದೆ. ಅಂಥ ಪ್ರಾಜೆಕ್ಟುಗಳಲ್ಲಿ ಬಹಳ ಪ್ರಸಿದ್ಧವಾದ ಒಂದರ ಕಥೆಯನ್ನು ಹೇಳುತ್ತೇನೆ. ಅದು ನಡೆದದ್ದು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಅಂದರೆ ಎಂ.ಐ.ಟಿ.ಯಲ್ಲಿ, 1967ರ ವಸಂತ ಋತುವಿನ ಅವಧಿಯಲ್ಲಿ.

ಆ ತರಗತಿಯ ಹೆಸರು 'ಉನ್ನತ ಬಾಹ್ಯಾಕಾಶ ವ್ಯವಸ್ಥಾ ಇಂಜಿನಿಯರಿಂಗ್'. ಅಧ್ಯಾಪಕರು ಪ್ರೊಫೆಸರ್ ಪಾಲ್ ಸ್ಯಾಂಡಾರ್ಫ್. ಅವರು ಕೊಟ್ಟ ಪ್ರಶ್ನೆ ಸರಳವಾಗಿತ್ತು, ಭಯಂಕರವಾಗಿಯೂ ಇತ್ತು. ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ 1949ರಲ್ಲಿ ಪಾಲೊಮಾರ್ ವೀಕ್ಷಣಾಲಯದಿಂದ ಕಂಡುಹಿಡಿದ ಇಕಾರಸ್ ಎಂಬ ಕ್ಷುದ್ರಗ್ರಹವಿದೆ. ಅದು ಸುಮಾರು 409 ದಿನಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ. 1968ರ ಜೂನ್ ತಿಂಗಳಲ್ಲಿ ಭೂಮಿಯಿಂದ ಸುಮಾರು 63 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಗುವುದಿತ್ತು. ಅಷ್ಟು ದೂರದಿಂದ ಯಾವ ಅಪಾಯವೂ ಇಲ್ಲ. ಆದರೆ ಸ್ಯಾಂಡಾರ್ಫ್ ಹೇಳಿದರು: ಅದು ಹಾದುಹೋಗುವುದಿಲ್ಲ, 1968ರ ಜೂನ್ 19ರಂದು ಅಟ್ಲಾಂಟಿಕ್ ಸಾಗರಕ್ಕೆ ಬಂದು ಅಪ್ಪಳಿಸುತ್ತದೆ ಎಂದು ಊಹಿಸಿಕೊಳ್ಳಿ. ಅದನ್ನು ತಡೆಯಿರಿ.

ಈ ಪ್ರಶ್ನೆಯಲ್ಲಿ ಅಡಗಿರುವ ಜಾಣತನವನ್ನು ಗಮನಿಸಿ. ವಿದ್ಯಾರ್ಥಿಗಳ ಕೈಯಲ್ಲಿದ್ದದ್ದು ಸುಮಾರು ಹದಿನೈದು ತಿಂಗಳು. ಪರೀಕ್ಷೆಯನ್ನು ಮುಂದೂಡಿ ಎಂದು ಮನವಿ ಸಲ್ಲಿಸಬಹುದು, ಕ್ಷುದ್ರಗ್ರಹಕ್ಕೆ ಯಾರು ಮನವಿ ಸಲ್ಲಿಸುತ್ತಾರೆ? ಹೊಸ ರಾಕೆಟ್ಟನ್ನು ರೂಪಿಸಲು ಕಾಲವಿಲ್ಲ. ಇರುವುದರಲ್ಲೇ, ಅಥವಾ ಆ ಹೊತ್ತಿಗೆ ಸಿದ್ಧವಾಗುವುದು ಖಚಿತ ಎನ್ನಬಹುದಾದದ್ದರಲ್ಲೇ ಕೆಲಸ ಮುಗಿಯಬೇಕು. ಜಾಣ ವಿದ್ಯಾರ್ಥಿಗೆ ಸಹಜವಾಗಿ ಹೊಳೆಯುವ ಸುಂದರ ಉಪಾಯಗಳೆಲ್ಲ ಮೊದಲ ದಿನವೇ ಉಪಯೋಗಕ್ಕೆ ಬಾರದೆ ಹೋದವು.

ಈಗ ಲೆಕ್ಕಕ್ಕೆ ಬನ್ನಿ. ಪಿ.ಯು.ಸಿ. ಭೌತಶಾಸ್ತ್ರ ಇದಕ್ಕೆ ಸಾಕು. ಇಕಾರಸ್‌ನ ವ್ಯಾಸ ಒಂದೂಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು, ದ್ರವ್ಯರಾಶಿ ಸುಮಾರು 400 ಕೋಟಿ ಟನ್, ವೇಗ ಸೆಕೆಂಡಿಗೆ ಸುಮಾರು 29 ಕಿಲೋಮೀಟರ್ ಎಂದು ಹಿಡಿಯಲಾಯಿತು. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನ ಶಕ್ತಿ ಸಿಗುತ್ತದೆ. ಡಿಕ್ಕಿಯಲ್ಲಿ ಹೊಮ್ಮುವ ಶಕ್ತಿ 5 ಲಕ್ಷ ಮೆಗಾಟನ್ ಟಿ.ಎನ್.ಟಿ. ಸ್ಫೋಟಕ್ಕೆ ಸಮ ಎಂಬುದು ಅವರ ಅಂದಾಜು. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಶಕ್ತಿ ಸುಮಾರು 15 ಕಿಲೋಟನ್, ಎಂದರೆ ಒಂದು ಮೆಗಾಟನ್ನಿನ ನೂರರಲ್ಲಿ ಒಂದೂವರೆ ಪಾಲು.

ಇಷ್ಟು ದೊಡ್ಡ ಬಂಡೆಯನ್ನು ಪುಡಿ ಮಾಡಲೇಬೇಕೆಂದಿಲ್ಲ, ದಾರಿಯಿಂದ ತುಸು ಸರಿಸಿದರೂ ಸಾಕು. ಎಷ್ಟು ಸರಿಸಬೇಕು? ಭೂಮಿಯ ನಡುವಿಗೆ ಗುರಿಯಿಟ್ಟು ಬರುವ ವಸ್ತು ತಪ್ಪಿಹೋಗಬೇಕಾದರೆ ಕನಿಷ್ಠ ಭೂಮಿಯ ತ್ರಿಜ್ಯದಷ್ಟು, ಅಂದರೆ ಸುಮಾರು 6,400 ಕಿಲೋಮೀಟರ್ ಪಕ್ಕಕ್ಕೆ ಹೋಗಬೇಕು. ಭೂಮಿಯ ಆಕರ್ಷಣೆಯನ್ನೂ ಕಕ್ಷೆಯ ಸೂಕ್ಷ್ಮಗಳನ್ನೂ ಸದ್ಯಕ್ಕೆ ಬದಿಗಿಡೋಣ. ಒಂದು ವರ್ಷ ಮುಂಚೆ ತಳ್ಳಿದರೆ ಸೆಕೆಂಡಿಗೆ 20 ಸೆಂಟಿಮೀಟರ್ ವೇಗ ಸಾಕು. ಇರುವೆಯ ಸಾಲನ್ನು ನೋಡುತ್ತ ನೀವು ನಡೆಯುವ ವೇಗವೂ ಇದಕ್ಕಿಂತ ಹೆಚ್ಚೇ. ಹದಿಮೂರು ದಿನ ಮುಂಚೆ ತಳ್ಳುವುದಾದರೆ ಸೆಕೆಂಡಿಗೆ ಐದೂವರೆ ಮೀಟರಿಗಿಂತ ಹೆಚ್ಚು ಬೇಕು. ಒಂದೇ ದಿನ ಉಳಿದಿದ್ದರೆ 74 ಮೀಟರ್. ಬಂಡೆ ಅದೇ, ಭೂಮಿಯೂ ಅದೇ. ತಡವಾದಷ್ಟೂ ಕೆಲಸ ಭಾರವಾಗುತ್ತದೆ. ಕಾಗದ ಪೆನ್ಸಿಲು ಹಿಡಿದು ನೀವೇ ಒಮ್ಮೆ ಮಾಡಿ ನೋಡಿ, ದೂರವನ್ನು ಕಾಲದಿಂದ ಭಾಗಿಸುವುದು, ಅಷ್ಟೇ.

ಸಾಧನವಾಗಿ ತರಗತಿ ಆರಿಸಿಕೊಂಡದ್ದು ಸ್ಯಾಟರ್ನ್-5 ರಾಕೆಟ್ಟನ್ನು. ಮಾನವನನ್ನು ಚಂದ್ರನಲ್ಲಿಗೆ ಒಯ್ಯಲು ನಾಸಾ ಸಿದ್ಧಪಡಿಸುತ್ತಿದ್ದ ರಾಕೆಟ್ ಅದು. ಆರು ರಾಕೆಟ್‌ಗಳು, ಪ್ರತಿಯೊಂದರ ತುದಿಯಲ್ಲಿ ಮನುಷ್ಯರಿಲ್ಲದ ಅಪೋಲೋ ನೌಕೆ, ಅದರೊಳಗೆ 100 ಮೆಗಾಟನ್ನಿನ ಒಂದು ಪರಮಾಣು ಬಾಂಬ್. ಅಷ್ಟು ದೊಡ್ಡ ಬಾಂಬನ್ನು ಆವರೆಗೆ ಯಾರೂ ಸಿಡಿಸಿರಲಿಲ್ಲ. 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ಸಿಡಿಸಿದ್ದು ಸುಮಾರು 50 ಮೆಗಾಟನ್ನಿನದು. ಇನ್ನು ರಾಕೆಟ್ಟಿನ ಸ್ಥಿತಿ ನೋಡಿ. ಆ ವಸಂತದಲ್ಲಿ ಸ್ಯಾಟರ್ನ್-5 ಒಮ್ಮೆಯೂ ಹಾರಿರಲಿಲ್ಲ. 1967ರ ಜನವರಿ 27ರಂದು ನೆಲದ ಮೇಲಿನ ಪರೀಕ್ಷೆಯ ವೇಳೆ ಅಪೋಲೋ ನೌಕೆಗೆ ಬೆಂಕಿ ಹತ್ತಿ ಮೂವರು ಗಗನಯಾತ್ರಿಗಳು ಸತ್ತಿದ್ದರು. ಅಂಥ ಹೊತ್ತಿನಲ್ಲಿ ಆ ನೌಕೆಯನ್ನೂ ಆ ರಾಕೆಟ್ಟನ್ನೂ ನಂಬಿ ಭೂಮಿಯನ್ನು ಉಳಿಸುವ ಯೋಜನೆ ಬರೆಯಬೇಕಾಗಿತ್ತು. ಬೇರೆ ದಾರಿ ಇರಲಿಲ್ಲ. ಅಷ್ಟು ಭಾರವನ್ನು ಅಷ್ಟು ದೂರ ಒಯ್ಯಬಲ್ಲ ಮತ್ತೊಂದು ವಾಹನ ಅವರ ಪಟ್ಟಿಯಲ್ಲಿರಲಿಲ್ಲ. ಇರುವ ಸ್ಯಾಟರ್ನ್‌ಗಳನ್ನು ಇಕಾರಸ್‌ಗೆ ಖರ್ಚು ಮಾಡಿದರೆ ಚಂದ್ರಯಾನ ತಡವಾಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕಾಯಿತು.

ಇಲ್ಲಿಂದ ಮುಂದೆ ವಿದ್ಯಾರ್ಥಿಯ ನಿಜವಾದ ಅನುಭವ ಶುರುವಾಗುತ್ತದೆ. ಒಂದು ಗುಂಪಿಗೆ ಕಕ್ಷೆಯ ಲೆಕ್ಕ, ಒಂದಕ್ಕೆ ರಾಕೆಟ್, ಒಂದಕ್ಕೆ ಮಾರ್ಗದರ್ಶಕ ಉಪಕರಣ, ಮತ್ತೊಂದಕ್ಕೆ ಸ್ಫೋಟದ ಪರಿಣಾಮ ಎಂದು ಇಂಥ ತರಗತಿಗಳಲ್ಲಿ ಕೆಲಸ ಹಂಚಿಹೋಗುತ್ತದೆ. ಒಂದು ಗುಂಪು ಬರೆದ ಅಂಕಿ ಮತ್ತೊಂದು ಗುಂಪಿಗೆ ತಲೆನೋವಾಗುತ್ತದೆ. ಬಾಂಬನ್ನು ಬಂಡೆಯ ಮೇಲೆ ಮೆಲ್ಲನೆ ಇಳಿಸಿ, ನೆಲದೊಳಗೆ ಹುಗಿದು ಸಿಡಿಸಿದರೆ ಪರಿಣಾಮ ಹೆಚ್ಚು ಎಂದು ಸ್ಫೋಟ ಬಲ್ಲವನು ಹೇಳುತ್ತಾನೆ. ಆದರೆ ಮೆಲ್ಲನೆ ಇಳಿಯಬೇಕಾದರೆ ನೌಕೆ ಮೊದಲು ಬಂಡೆಯ ವೇಗಕ್ಕೆ ಸರಿಹೊಂದಬೇಕು. ಅದಕ್ಕೆ ಬೇಕಾದ ಇಂಧನವನ್ನು ಸ್ಯಾಟರ್ನ್-5 ಕೂಡ ಹೊರಲಾರದು ಎಂದು ರಾಕೆಟ್ ಬಲ್ಲವನು ಉತ್ತರಿಸುತ್ತಾನೆ. ಹಾಗಾದರೆ ಎದುರುಬದುರಾಗಿ ಹೋಗುವಾಗಲೇ, ಬಂಡೆಯ ಪಕ್ಕದಲ್ಲಿ ಸಿಡಿಯಬೇಕು. ಆಗ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಎರಡೂ ಸುಮಾರು 29 ಮೀಟರ್ ಸರಿದಿರುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೌಕೆ ಕಿಲೋಮೀಟರುಗಳಷ್ಟು ಆಚೆ! ಹೀಗೆ ರಾಕೆಟ್ಟಿನವನು ಹೇಳಿದ 'ಆಗುವುದಿಲ್ಲ' ಎಂಬ ಒಂದು ಮಾತಿನಿಂದ, ಸ್ಫೋಟಕ್ಕೆ ಸಂಕೇತ ಕೊಡುವ ಪುಟ್ಟ ಉಪಕರಣ ಇಡೀ ಯೋಜನೆಯ ನಾಜೂಕಿನ ಭಾಗವಾಗಿಬಿಡುತ್ತದೆ. ಇದು ಯಾರ ತಪ್ಪೂ ಅಲ್ಲ. ಆದರೆ ಯಾರಾದರೂ ಒಬ್ಬರು ಇದನ್ನು ಮೊದಲೇ ಕಂಡಿರಬೇಕು.

ಯೋಜನೆಯ ವೇಳಾಪಟ್ಟಿ ಹೀಗಿತ್ತು: ಮೊದಲ ಉಡಾವಣೆ 1968ರ ಏಪ್ರಿಲ್ ಮೊದಲ ವಾರದಲ್ಲಿ. ಸುಮಾರು ಎರಡು ತಿಂಗಳು ಹಾರಿ, ಭೂಮಿಯಿಂದ ಸುಮಾರು 3 ಕೋಟಿ 20 ಲಕ್ಷ ಕಿಲೋಮೀಟರ್ ದೂರದಲ್ಲಿ, ಡಿಕ್ಕಿಗೆ ಹದಿಮೂರು ದಿನ ಉಳಿದಿರುವಾಗ ಅದು ಇಕಾರಸ್ಸನ್ನು ಮುಟ್ಟಬೇಕು. ಉಳಿದ ರಾಕೆಟ್‌ಗಳು ಅದರ ಹಿಂದೆ ಸಾಲಾಗಿ. ಕೊನೆಯದು ಬಂಡೆಯನ್ನು ಎದುರಾಗುವ ಹೊತ್ತಿಗೆ ಒಂದು ದಿನವೂ ಉಳಿದಿರುವುದಿಲ್ಲ. ಆರನ್ನೂ ಒಟ್ಟಿಗೆ ಕಳಿಸಬಾರದೇಕೆ? ಅಷ್ಟೆತ್ತರದ ರಾಕೆಟ್ಟನ್ನು ಜೋಡಿಸುವ ಕಟ್ಟಡ ಒಂದೇ, ಉಡಾವಣಾ ವೇದಿಕೆಗಳು ಬೆರಳೆಣಿಕೆಯವು, ಒಂದು ಉಡಾವಣೆಯ ನಂತರ ವೇದಿಕೆಯನ್ನು ದುರಸ್ತಿ ಮಾಡಬೇಕು. ಬಾಹ್ಯಾಕಾಶದಲ್ಲಿ ನಡೆಯುವ ಯುದ್ಧದ ಗತಿಯನ್ನು ಫ್ಲಾರಿಡಾದ ಸಿಮೆಂಟ್ ಕಟ್ಟೆ ನಿರ್ಧರಿಸುತ್ತದೆ. ವ್ಯವಸ್ಥೆ ಎಂದರೆ ಇದು.

ನನಗೆ ಬಹಳ ಹಿಡಿಸಿದ್ದು ಮತ್ತೊಂದು ಅಂಶ. ಮೊದಲ ಬಾಂಬ್ ಸಿಡಿದ ಮೇಲೆ ಬಂಡೆ ಏನಾಯಿತು, ಸರಿಯಿತೇ, ಒಡೆಯಿತೇ, ಅಲುಗಲೇ ಇಲ್ಲವೇ ಎಂದು ತಿಳಿಯುವುದು ಹೇಗೆ? ತಿಳಿಯದಿದ್ದರೆ ಎರಡನೆಯದನ್ನು ಎಲ್ಲಿಗೆ ಗುರಿಯಿಡಬೇಕು? ಅದಕ್ಕಾಗಿ, 1962ರಲ್ಲಿ ಶುಕ್ರನ ಬಳಿ ಹಾದುಹೋಗಿದ್ದ ಮ್ಯಾರಿನರ್-2ರ ಮಾದರಿಯ ಪುಟ್ಟ ವೀಕ್ಷಕ ನೌಕೆಗಳನ್ನು ಪ್ರತ್ಯೇಕವಾಗಿ ಕಳಿಸುವ ಏರ್ಪಾಡನ್ನು ಯೋಜನೆಯಲ್ಲಿ ಸೇರಿಸಿದ್ದರು. ಬಾಂಬು, ರಾಕೆಟ್ಟು ಯಾರಿಗಾದರೂ ಹೊಳೆಯುತ್ತದೆ. ಮಾಡಿದ ಕೆಲಸ ಫಲಿಸಿತೋ ಇಲ್ಲವೋ ಎಂದು ನೋಡುವ ಕಣ್ಣನ್ನೂ ಆಯವ್ಯಯದಲ್ಲಿ ಸೇರಿಸಬೇಕೆಂದು ಹೊಳೆಯುವುದು ಅಪರೂಪ. ಸಿನಿಮಾದವರಿಗಂತೂ ಹೊಳೆಯುವುದಿಲ್ಲ. ಈ ಪ್ರಾಜೆಕ್ಟಿನಿಂದ ಪ್ರೇರಣೆ ಪಡೆದು 1979ರಲ್ಲಿ 'ಮೀಟಿಯರ್' ಎಂಬ ಹಾಲಿವುಡ್ ಚಿತ್ರ ಬಂತು. ಅದರಲ್ಲಿ ಕ್ಷಿಪಣಿಗಳ ಆರ್ಭಟವೇ ಹೆಚ್ಚು.

ಎಂ.ಐ.ಟಿ. ಮುದ್ರಣಾಲಯ 1968ರಲ್ಲಿ ಈ ವರದಿಯನ್ನು ಪುಸ್ತಕವಾಗಿ ಪ್ರಕಟಿಸಿತು. ನಿಜವಾದ ಇಕಾರಸ್ ಆ ವರ್ಷದ ಜೂನ್ 14ರಂದು, ಚಂದ್ರನಿಗಿಂತ ಹದಿನಾರು ಪಟ್ಟು ದೂರದಲ್ಲಿ, ತನ್ನ ಪಾಡಿಗೆ ತಾನು ಹೋಯಿತು. ಆ ಸಂದರ್ಭದಲ್ಲಿ ಭೂಮಿಯಿಂದ ಕಳಿಸಿದ ರೇಡಾರ್ ಅಲೆಗಳು ಅದಕ್ಕೆ ತಾಗಿ ಮರಳಿದವು. ರೇಡಾರಿಗೆ ಸಿಕ್ಕ ಮೊಟ್ಟಮೊದಲ ಕ್ಷುದ್ರಗ್ರಹ ಅದೇ. ಆದರೆ ವಿದ್ಯಾರ್ಥಿಗಳ ವೇಳಾಪಟ್ಟಿ ನಿಜವಾಗಿದ್ದರೆ ಏನಾಗುತ್ತಿತ್ತು? ಸ್ಯಾಟರ್ನ್-5ರ ಮೊದಲ ಹಾರಾಟ 1967ರ ನವೆಂಬರ್ 9ರಂದು ಚೆನ್ನಾಗಿಯೇ ನಡೆಯಿತು. ಎರಡನೆಯದು 1968ರ ಏಪ್ರಿಲ್ 4ರಂದು, ಅಂದರೆ ವಿದ್ಯಾರ್ಥಿಗಳು ಮೊದಲ ಬಾಂಬಿಗೆ ಗೊತ್ತುಮಾಡಿದ್ದ ಅದೇ ವಾರದಲ್ಲಿ. ಅಂದು ರಾಕೆಟ್ ಜೋರಾಗಿ ಕಂಪಿಸಿತು, ಎರಡನೆಯ ಹಂತದ ಐದು ಇಂಜಿನ್‌ಗಳಲ್ಲಿ ಎರಡು ನಡುವೆಯೇ ನಿಂತವು, ಮೂರನೆಯ ಹಂತ ಮತ್ತೆ ಹೊತ್ತಿಕೊಳ್ಳಲೇ ಇಲ್ಲ. ಒಂದೇ ರಾಕೆಟ್ಟಿನ ಮೇಲೆ ಭಾರ ಹಾಕದೆ ಆರನ್ನು ಕೇಳಿದ್ದು ಎಷ್ಟು ಸರಿಯಾಗಿತ್ತು ಎಂದು ನೀವೇ ಹೇಳಿ.

ಇದನ್ನು ಓದಿ, 'ಇಷ್ಟೆಲ್ಲ ಕಾಗದದ ಮೇಲೆ ತಾನೇ?' ಎನ್ನುವವರಿರಬಹುದು. ಕಾಗದದ ಮೇಲೆ ಕಾಣದೆ ಹೋದದ್ದರ ಬೆಲೆ ಏನೆಂಬುದಕ್ಕೆ 1999ರ ಸೆಪ್ಟೆಂಬರ್ 23ನ್ನು ನೆನೆಯಿರಿ. ಮಂಗಳನ ಹವಾಮಾನ ಅಧ್ಯಯನಕ್ಕೆ ಹೋಗಿದ್ದ ನಾಸಾದ ನೌಕೆ ಅಂದು ನಾಶವಾಯಿತು. ಭೂಮಿಯ ಮೇಲಿನ ಒಂದು ಗಣಕ ಕಾರ್ಯಕ್ರಮ ತಳ್ಳುಬಲದ ಪರಿಣಾಮವನ್ನು ಪೌಂಡುಗಳ ಮಾನದಲ್ಲಿ ಕೊಟ್ಟಿತು. ಅದನ್ನು ಪಡೆದ ಕಾರ್ಯಕ್ರಮ ನ್ಯೂಟನ್ ಎಂದು ಓದಿಕೊಂಡಿತು. ಎರಡಕ್ಕೂ ನಾಲ್ಕೂವರೆ ಪಟ್ಟಿನಷ್ಟು ಅಂತರ. ಎರಡು ಕಾರ್ಯಕ್ರಮಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಎಡವಿರಲಿಲ್ಲ. ಅವು ಕೈಕುಲುಕುವ ಜಾಗದಲ್ಲಿ ಕೈ ತಪ್ಪಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ಎರಡು ಉಪಕರಣಗಳ ನಡುವಿನ ತಂತಿಗೆ, ತಿರುಪಿಗೆ, ಮಾನಕ್ಕೆ ಪುಟಗಟ್ಟಲೆ ದಾಖಲೆ ಬರೆಯುತ್ತಾರೆ. ಬೇಸರದ ಕೆಲಸ, ಅವರೂ ಹಾಗೆಯೇ ಹೇಳುತ್ತಾರೆ.

ನಮ್ಮಲ್ಲಿ ಸ್ನಾತಕೋತ್ತರ ಪದವಿಯವರೆಗೂ ಕಾಯದೆ ಇದನ್ನು ಅನುಭವಿಸಿದ ವಿದ್ಯಾರ್ಥಿಗಳಿದ್ದಾರೆ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ರೂಪಿಸಿದ ಸ್ಟಡ್‌ಸ್ಯಾಟ್ ಎಂಬ ಉಪಗ್ರಹವನ್ನು 2010ರ ಜುಲೈ 12ರಂದು ಪಿ.ಎಸ್.ಎಲ್.ವಿ. ರಾಕೆಟ್ ಕಕ್ಷೆಗೆ ಸೇರಿಸಿತು. ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಬ್ಯಾಟರಿ, ಕ್ಯಾಮರಾ, ರೇಡಿಯೋ ಎಲ್ಲ ಅಷ್ಟರೊಳಗೇ! ಒಬ್ಬರಿಗೆ ಹತ್ತು ಗ್ರಾಂ ಹೆಚ್ಚು ಬೇಕೆಂದರೆ ಮತ್ತೊಬ್ಬರ ಹತ್ತು ಗ್ರಾಂ ಹೋಗಬೇಕು.

ಇಕಾರಸ್ ವರದಿಯ ಅರ್ಧ ಶತಮಾನದ ನಂತರ, 2022ರ ಸೆಪ್ಟೆಂಬರ್ 26ರಂದು, ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಸುಮಾರು 160 ಮೀಟರ್ ಅಗಲದ ಪುಟ್ಟ ಬಂಡೆಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ಬಾಂಬ್ ಇರಲಿಲ್ಲ, ವೇಗವೇ ಬಾಂಬ್. ಬಂಡೆ ತನ್ನ ಜೊತೆಗಾರ ಬಂಡೆಯನ್ನು ಸುತ್ತುವ ಅವಧಿ 11 ಗಂಟೆ 55 ನಿಮಿಷವಿದ್ದದ್ದು ಅರ್ಧ ಗಂಟೆಗಿಂತ ಹೆಚ್ಚು ಕಡಿಮೆಯಾಯಿತು. ಪರಿಣಾಮವನ್ನು ಹತ್ತಿರದಿಂದ ನೋಡಲು ಇಟಲಿಯ ಪುಟ್ಟ ವೀಕ್ಷಕ ನೌಕೆಯೊಂದು ಡಾರ್ಟ್‌ನ ಹಿಂದೆಯೇ ಹಾರುತ್ತಿತ್ತು.

ನಿಮಗೊಂದು ಲೆಕ್ಕ ಬಿಟ್ಟಿದ್ದೇನೆ. 2029ರ ಏಪ್ರಿಲ್ 13ಕ್ಕೆ ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ. ಡಿಕ್ಕಿಯಾಗುವುದಿಲ್ಲ, ಹೆದರಬೇಡಿ. ಅಂಥದೊಂದು ಬಂಡೆ ನಿಜವಾಗಿಯೂ ನಮ್ಮತ್ತ ಬರುತ್ತಿದೆ, ಹತ್ತು ವರ್ಷಗಳ ಸಮಯವಿದೆ ಎಂದು ಸ್ಯಾಂಡಾರ್ಫ್ ಅವರಂತೆ ಊಹಿಸಿಕೊಳ್ಳಿ. ಎಷ್ಟು ವೇಗದಿಂದ ತಳ್ಳಬೇಕು? ಉತ್ತರ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಬಂದರೆ ನಿಮ್ಮ ಲೆಕ್ಕ ಸರಿ. ಆಮೇಲೆ ನಾಲ್ವರು ಗೆಳೆಯರನ್ನು ಕೂಡಿಸಿ, ರಾಕೆಟ್ ಒಬ್ಬರಿಗೆ, ಗುರಿ ಒಬ್ಬರಿಗೆ, ವೇಳಾಪಟ್ಟಿ ಒಬ್ಬರಿಗೆ, ನೋಡುವ ಕಣ್ಣು ಒಬ್ಬರಿಗೆ ಎಂದು ಕೆಲಸ ಹಂಚಿ ನೋಡಿ. ಮೊದಲ ಜಗಳ ಯಾರ ಯಾರ ನಡುವೆ ಆಯಿತು, ಯಾವ ಅಂಕಿಯ ಮೇಲೆ ಆಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ.