ಬೆಳಕಿನ ಎಳೆಗಳ ಪರಿವರ್ತನೆಯೂ ಜಾಲದ ದೂರವಿಸ್ತಾರವೂ

ದೇಶದ ಗ್ರಾಮ ಪಂಚಾಯತಿಗಳನ್ನು ಆಪ್ಟಿಕಲ್ ಫೈಬರಿನ ಮೂಲಕ ಜೋಡಿಸುವ ಯೋಜನೆಗೆ ಕೇಂದ್ರ ಸರಕಾರವು 2011ರ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತಿತು. 2015ರಿಂದ ಅದು ಭಾರತ್‌ನೆಟ್ ಎಂಬ ಹೆಸರಿನಿಂದ ನಡೆದುಬಂದಿದೆ. ವಿಜಯಪುರ–ಸೋಲಾಪುರ ಹೆದ್ದಾರಿಯ ಮೇಲಿರುವ ಝಳಕಿಯಂತಹ ಊರುಗಳ ಮಟ್ಟಿಗೆ ಈ ಯೋಜನೆಯ ಕಲ್ಪನೆಯೇನೆಂದರೆ, ತಾಲೂಕಿನ ಕೇಂದ್ರದಿಂದ ಹೊರಟ ಗಾಜಿನ ಎಳೆಯು ಪಂಚಾಯತಿಯ ಕಟ್ಟಡವನ್ನು ಮುಟ್ಟುವುದು. ಆದರೆ ಶಾಲೆ, ಕಾಲೇಜು, ಆರೋಗ್ಯ ಕೇಂದ್ರಗಳು ಅಲ್ಲಿಂದ ಎಷ್ಟೋ ದೂರದಲ್ಲಿರಬಹುದು. ತಾಮ್ರದ ಈಥರ್ನೆಟ್ ತಂತಿಯು 100 ಮೀಟರಿಗೆ ಮಿಕ್ಕಿ ಸಾಗದು. ಇತ್ತ ಕೆಲವು ವಿದ್ಯಾಸಂಸ್ಥೆಗಳ ಆವರಣಗಳಲ್ಲಿ ಹಿಂದೆಯೇ ಹೂಳಿಸಿದ ಇನ್ನೊಂದು ಜಾತಿಯ ಫೈಬರು ಇರುತ್ತದೆ. ಅದನ್ನು ಕಿತ್ತೆಸೆಯದೆ ಹೊಸ ಜಾಲಕ್ಕೆ ಸೇರಿಸಬಹುದೆ? ಸೇರಿಸುವುದಾದರೆ ಹೇಗೆ? ಇದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಎಳೆಯ ಸ್ವರೂಪವನ್ನು ನೋಡೋಣ. ಫೈಬರಿನ ನಡುವೆ ತಿರುಳೊಂದಿದ್ದು, ಅದರ ಸುತ್ತ ವಕ್ರೀಭವನಾಂಕವು ತುಸು ಕಡಮೆಯಿರುವ ಗಾಜಿನ ಹೊದಿಕೆಯಿರುತ್ತದೆ. ಒಳಹೊಕ್ಕ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ತಿರುಳಿನಲ್ಲಿಯೇ ಬಂಧಿತವಾಗಿ ಮುಂದೆ ಸಾಗುತ್ತದೆ. ಹೊದಿಕೆಯ ಹೊರವ್ಯಾಸವು ಎರಡು ಜಾತಿಗಳಲ್ಲಿಯೂ 125 ಮೈಕ್ರಾನೇ. ಆದುದರಿಂದ ಹೊರನೋಟಕ್ಕೆ ಭೇದ ತೋರದು, ಭೇದವಿರುವುದು ತಿರುಳಿನಲ್ಲಿ. ಮಲ್ಟಿಮೋಡ್ ಫೈಬರಿನ ತಿರುಳು 50 ಅಥವಾ 62.5 ಮೈಕ್ರಾನ್; ಸಿಂಗಲ್‌ಮೋಡ್ ಫೈಬರಿನದು ಸುಮಾರು 9 ಮೈಕ್ರಾನ್ ಮಾತ್ರ.

ಅಗಲವಾದ ತಿರುಳಿನಲ್ಲಿ ಬೆಳಕು ಏಕಕಾಲಕ್ಕೆ ನೂರಾರು ಬಗೆಗಳಲ್ಲಿ ಸಂಚರಿಸುತ್ತದೆ. 50 ಮೈಕ್ರಾನಿನ ಎಳೆಯಲ್ಲಿ 850 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ಇಂತಹ ಬಗೆಗಳು ಸುಮಾರು 340 ಎಂದು ಲೆಕ್ಕಹಾಕಬಹುದು. ಎಲ್ಲವೂ ಒಂದೇ ಕ್ಷಣದಲ್ಲಿ ಗುರಿಯನ್ನು ಮುಟ್ಟುವುದಿಲ್ಲ. ಆದಕಾರಣ ಹೊರಟಾಗ ಚೂಪಾಗಿದ್ದ ಸ್ಪಂದವು ಹೋಗಹೋಗುತ್ತ ಹರಡಿಕೊಂಡು, ಮುಂದಿನ ಸ್ಪಂದದೊಡನೆ ಬೆರೆತುಹೋಗುತ್ತದೆ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದಲ್ಲಿ, ಇದೇ ತರಂಗಾಂತರದ ಬೆಳಕಿಗೆ, ಈ ಎಳೆಯ ಮಾನಕ ಮಿತಿ 550 ಮೀಟರ್. ಸಿಂಗಲ್‌ಮೋಡಿನಲ್ಲಿ ಬೆಳಕಿಗೆ ಒಂದೇ ಬಗೆಯ ಸಂಚಾರವುಂಟಾದ್ದರಿಂದ ಈ ದೋಷವಿಲ್ಲ. ಅಲ್ಲದೆ 1310 ನ್ಯಾನೊಮೀಟರಿನಲ್ಲಿ ಅದರ ನಷ್ಟವು ಕಿಲೋಮೀಟರಿಗೆ ಸುಮಾರು 0.35 ಡೆಸಿಬಲ್ ಮಾತ್ರ. ಮಲ್ಟಿಮೋಡಿನಲ್ಲಿ 850 ನ್ಯಾನೊಮೀಟರಿಗೆ ಅದು ಸುಮಾರು 3 ಡೆಸಿಬಲ್. ದೂರದ ಜಾಲಗಳೆಲ್ಲವೂ ಸಿಂಗಲ್‌ಮೋಡನ್ನೇ ಅವಲಂಬಿಸಿರುವುದರ ಕಾರಣವಿದು.

ಹೊರವ್ಯಾಸಗಳು ಸಮನಾಗಿರುವಾಗ ಎರಡರ ತುದಿಗಳನ್ನೂ ನೇರವಾಗಿ ಕೂಡಿಸಿಬಿಟ್ಟರೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಕಿರಿದರಿಂದ ಹಿರಿದಕ್ಕೆ ಬೆಳಕು ಸುಲಭವಾಗಿ ಇಳಿಯುತ್ತದೆ. ಹಿರಿದರಿಂದ ಕಿರಿದಕ್ಕೆ ಬರುವಾಗ ಮಾತ್ರ ಅದರ ಬಹುಭಾಗವು ಹೊರಚೆಲ್ಲಿಹೋಗುತ್ತದೆ. ತಿರುಳುಗಳ ಕ್ಷೇತ್ರಫಲಗಳ ಪ್ರಮಾಣವನ್ನು ತೆಗೆದರೆ 9ನ್ನು 50ರಿಂದ ಭಾಗಿಸಿದ ಲಬ್ಧದ ವರ್ಗ, ಎಂದರೆ ನೂರಕ್ಕೆ ಸುಮಾರು 3 ಪಾಲು. ಇದು 15 ಡೆಸಿಬಲ್ಲಿನ ನಷ್ಟಕ್ಕೆ ಸಮ. ಬೆಳಕನ್ನು ಸ್ವೀಕರಿಸುವ ಕೋನವೂ ಕಿರಿದಾಗುವುದರಿಂದ ನಷ್ಟವು ಇನ್ನೂ ಹೆಚ್ಚುತ್ತದೆ. ಸಂಪರ್ಕಕ್ಕೆ ಹೋಗುವ ದಾರಿಯೂ ಬರುವ ದಾರಿಯೂ ಬೇಕಷ್ಟೆ. ಒಂದು ಮುಖದಲ್ಲಿ ನಡೆದು ಇನ್ನೊಂದು ಮುಖದಲ್ಲಿ ನಿಂತ ಸಂಪರ್ಕವು ಸಂಪರ್ಕವೇ ಅಲ್ಲ.

ಹೀಗಿರುವಲ್ಲಿ ಉಳಿದ ಉಪಾಯವು ಪರಿವರ್ತನೆ. ಇದಕ್ಕೆ ನಮ್ಮ ಸೀಮೆಯ ರೈಲುಮಾರ್ಗವೇ ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತದೆ. ಗದಗಿನಿಂದ ಬಾಗಲಕೋಟೆ, ವಿಜಾಪುರ, ಇಂಡಿ ರೋಡುಗಳನ್ನು ಹಾಯ್ದು ಹೋಟಗಿಯನ್ನು ಸೇರುತ್ತಿದ್ದ ಹಾದಿಯು ಹಿಂದೆ 1000 ಮಿಲಿಮೀಟರಿನ ಮೀಟರ್‌ಗೇಜ್ ಆಗಿತ್ತು. ಹೋಟಗಿಯ ಮುಖ್ಯಮಾರ್ಗವು 1676 ಮಿಲಿಮೀಟರಿನ ಬ್ರಾಡ್‌ಗೇಜ್. ಒಂದರ ಬಂಡಿಯು ಇನ್ನೊಂದರ ಹಳಿಯ ಮೇಲೆ ಓಡುವಂತಿರಲಿಲ್ಲ. ಮುಂದೆ ಹೋಗಬೇಕಾದ ಸರಕನ್ನು ಇಳಿಸಿ ಬೇರೆ ಬಂಡಿಗೆ ಏರಿಸಬೇಕಾಗಿತ್ತು. ಫೈಬರ್ ಪರಿವರ್ತಕವು ಮಾಡುವುದೂ ಇದನ್ನೇ. ಒಂದು ಎಳೆಯಿಂದ ಬಂದ ಬೆಳಕನ್ನು ಅದು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸಿ, ಹರಡಿದ ಸ್ಪಂದಗಳನ್ನು ಮತ್ತೆ ಚೂಪುಗೊಳಿಸಿ, ಬೇರೊಂದು ಲೇಸರಿನಿಂದ ಮತ್ತೊಂದು ಎಳೆಗೆ ಹೊಸ ಬೆಳಕನ್ನು ಕಳಿಸುತ್ತದೆ. ಆದುದರಿಂದ ದೂರದ ಲೆಕ್ಕವು ಅಲ್ಲಿಂದ ಹೊಸದಾಗಿ ಮೊದಲಾಗುತ್ತದೆ.

ಈಗ ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಪಂಚಾಯತಿಯಿಂದ ಕಾಲೇಜಿಗೆ 3 ಕಿಲೋಮೀಟರ್ ಹಾದಿ. ಕಾಲೇಜಿನ ಕಟ್ಟಡಗಳ ನಡುವೆ 400 ಮೀಟರಿನ ಹಳೆಯ 50 ಮೈಕ್ರಾನಿನ ಮಲ್ಟಿಮೋಡ್. ತಾಲೂಕಿನಿಂದ ಬಂದ ಎಳೆಯು ಪಂಚಾಯತಿಯ ಪೆಟ್ಟಿಗೆಯಲ್ಲಿ ಮುಗಿದು, ಅಲ್ಲಿಂದ ಈಥರ್ನೆಟ್ ಹೊರಡುತ್ತದೆ. ನಮ್ಮ ಪರಿವರ್ತನೆಯು ಈ ಪೆಟ್ಟಿಗೆಯ ನಂತರವೇ ಆಗಬೇಕು. ಅಲ್ಲಿಂದ ಕಾಲೇಜಿನ ದ್ವಾರದವರೆಗೆ ಹೊಸ ಸಿಂಗಲ್‌ಮೋಡ್ ಎಳೆ. ಇದರ ನಷ್ಟ 1.05 ಡೆಸಿಬಲ್, ಎರಡು ಬೆಸುಗೆಗಳಿಗೆ 0.2, ಎರಡು ಕನೆಕ್ಟರುಗಳಿಗೆ 1, ಮುಂದಿನ ದುರಸ್ತಿಗಳಿಗೆಂದು ಕಾಯ್ದಿಡುವುದು 3, ಒಟ್ಟು 5.25. ಉಪಕರಣವು 10 ಡೆಸಿಬಲ್ಲನ್ನು ಸಹಿಸುವುದಾದರೆ ಸಂಪರ್ಕವು ನಿರಾತಂಕ. ದ್ವಾರದಲ್ಲಿ ಇನ್ನೊಂದು ಪರಿವರ್ತಕವಿಟ್ಟರೆ ಮುಂದಿನ 400 ಮೀಟರನ್ನು ಹಳೆಯ ಎಳೆಯೇ ನಿರ್ವಹಿಸುತ್ತದೆ, ಅಂಗಳವನ್ನು ಅಗೆಯಬೇಕಾದುದಿಲ್ಲ.

ಈ ಉಪಾಯಕ್ಕೂ ಮಿತಿಗಳುಂಟು. ಗಾಜಿನ ಎಳೆಗೆ ವಿದ್ಯುತ್ತು ಬೇಡ, ಪರಿವರ್ತಕಕ್ಕೆ ಬೇಕು. ಕರೆಂಟು ಹೋಗಿ ಬರುವ ಊರುಗಳಲ್ಲಿ ದಾರಿಯ ನಡುವಿನ ಒಂದು ಪೆಟ್ಟಿಗೆ ಆರಿದರೂ ಅದರಾಚೆಯವರಿಗೆಲ್ಲ ಜಾಲವು ಕಡಿದಂತೆಯೇ. ಆದ್ದರಿಂದ ಬ್ಯಾಟರಿಯ ಆಸರೆಯಿರುವ ಕಟ್ಟಡದಲ್ಲಿಯೇ ಅದನ್ನಿಡಬೇಕು. ಸಂಖ್ಯೆಯನ್ನೂ ಆದಷ್ಟು ಕಡಮೆ ಮಾಡಬೇಕು. ಎರಡನೆಯದಾಗಿ, ಪರಿವರ್ತನೆಯಿಂದ ಹಳೆಯ ಎಳೆಯ ಗುಣವೇನೂ ಬದಲಾಗದು. ವೇಗವನ್ನು 10 ಗಿಗಾಬಿಟ್ಟಿಗೆ ಏರಿಸಿದರೆ 62.5 ಮೈಕ್ರಾನಿನ ಹಳೆಯ ಎಳೆಯು 850 ನ್ಯಾನೊಮೀಟರಿನಲ್ಲಿ ಸುಮಾರು 30 ಮೀಟರಿಗೇ ಸೋಲುತ್ತದೆ. ರೈಲುಮಾರ್ಗದಲ್ಲಿಯೂ ಸರಕನ್ನು ಇಳಿಸಿ ಏರಿಸುವ ಪದ್ಧತಿ ಬಹುಕಾಲ ನಡೆದು, ಕಡೆಗೆ ಹಳಿಯನ್ನೇ ಬ್ರಾಡ್‌ಗೇಜಿಗೆ ಬದಲಿಸಲಾಯಿತು.

ಇದರಿಂದ ನಾವು ಕಾಣುವ ನಿರ್ಣಯವಿಷ್ಟು: ಹೊಸದಾಗಿ ನೆಲವನ್ನು ಅಗೆಯುವಲ್ಲೆಲ್ಲ ಸಿಂಗಲ್‌ಮೋಡನ್ನೇ ಹೂಳಬೇಕು, ಆಗಲೇ ಹೂಳಿರುವ ಮಲ್ಟಿಮೋಡನ್ನು ಅದರ ದೂರ ಮತ್ತು ವೇಗಗಳ ಮಿತಿಯೊಳಗೆ ಪರಿವರ್ತಕದ ನೆರವಿನಿಂದ ದುಡಿಸಿಕೊಳ್ಳಬೇಕು. ಕಾಲೇಜುಗಳ ಅಧ್ಯಾಪಕರು ತಮ್ಮ ಆವರಣದ ಕೇಬಲ್ಲಿನ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಿ, ಉದ್ದವನ್ನು ಅಳೆದು, ಮೇಲಿನ ಕೂಡಿಕೆಯನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ಕೊಳ್ಳುವುದಕ್ಕೆ ಮುಂಚೆ ಮಾಡಿದ ಈ ಲೆಕ್ಕವು ಸಂಸ್ಥೆಯ ಹಣವನ್ನು ಉಳಿಸುವುದಲ್ಲದೆ, ಪಂಚಾಯತಿಯವರೆಗೆ ಬಂದ ಬೆಳಕನ್ನು ತರಗತಿಯವರೆಗೂ ತರಬಲ್ಲದು.