ಸುಳಿಯ ಸೂತ್ರ

ಸಂತ ಸೇವಾಲಾಲರ ಜಯಂತಿಗೆಂದು ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಬರುವ ಹೊತ್ತಿಗೆ ಮಳೆಗಾಲದ ಮೆಕ್ಕೆಜೋಳ ಕಟಾವಾಗಿ ಮುಗಿದಿರುತ್ತದೆ. ಹೊನ್ನಾಳಿ–ನ್ಯಾಮತಿ ಸೀಮೆಯ ಜೋಳವನ್ನು ನೋಡಬೇಕಾದರೆ ಆಗಸ್ಟ್‌ನಲ್ಲೇ ಬರಬೇಕು. ಒಂದು ಗಿಣ್ಣು, ಅದರಿಂದ ಎಡಕ್ಕೊಂದು ಗರಿ; ಮೇಲೊಂದು ಗಿಣ್ಣು, ಬಲಕ್ಕೊಂದು ಗರಿ. ಹೀಗೇ ಏರಿ ಏರಿ ಕೊನೆಗೆ ನೆತ್ತಿಯ ಸುಳಿಯೇ ಹೂವಾಗಿ ಸೂಲಂಗಿ. ತೆನೆ ಮಾತ್ರ ನಡುವಿನ ಗರಿಯ ಸಂದಿನಲ್ಲಿ.

ಚನ್ನಗಿರಿಯ ಅಡಿಕೆ ತೋಟದಲ್ಲಿ ಲೆಕ್ಕ ಬೇರೆ. ಅಡಿಕೆಯ ಸುಳಿ ಎಂದೂ ಹೂವಾಗುವುದಿಲ್ಲ. ಸೋಗೆ ಬಿಡುತ್ತ ಮೇಲೇರುತ್ತಲೇ ಇರುತ್ತದೆ. ಹಿಂಗಾರ ಒಡೆಯುವುದು ಹಾಳೆಯ ಬುಡದಲ್ಲಿ. ಸುಳಿ ಕೊಳೆತರೆ ಮರವೇ ಹೋಯಿತು.

ಸುಳಿಯ ಈ ನಡೆಯನ್ನು ಅಕ್ಷರಗಳಲ್ಲಿ ಬರೆಯಬಹುದೆಂದು ತೋರಿಸಿದವರು ಹಂಗೇರಿ ಮೂಲದ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡೆನ್‌ಮೇಯರ್. ಅವರ 1968ರ ಪ್ರಬಂಧಗಳ ವಿಷಯ ಮರವಲ್ಲ, ಎಳೆಯಂತೆ ಬೆಳೆಯುವ ಪಾಚಿಯಂಥ ಜೀವಿಗಳು. ಅವರ ವಿಧಾನವನ್ನು ಕನ್ನಡದ ಅಕ್ಷರದಲ್ಲೇ ನೋಡಬಹುದು. ದೊಡ್ಡ ಕೋಶ ‘ದೊ’ ಒಡೆದು ‘ದೊ ಚಿ’ ಆಗುತ್ತದೆ. ಚಿಕ್ಕದು ‘ಚಿ’ ಬಲಿತು ‘ದೊ’ ಆಗುತ್ತದೆ. ಪ್ರತಿ ಸುತ್ತಿನಲ್ಲೂ ಎಲ್ಲ ಅಕ್ಷರಗಳನ್ನು ಒಟ್ಟಿಗೇ ಬದಲಿಸಬೇಕು: ದೊ, ದೊ ಚಿ, ದೊ ಚಿ ದೊ, ದೊ ಚಿ ದೊ ದೊ ಚಿ. ಕೋಶಗಳ ಎಣಿಕೆ 1, 2, 3, 5, ಮುಂದಿನದು 8. ಲಘು–ಗುರು ಹಾಕಿ ಮಾತ್ರೆ ಎಣಿಸಿದವರಿಗೆ ಇದು ಹಳೆಯ ಪರಿಚಯ. ಇಷ್ಟು ಮಾತ್ರೆಗೆ ಎಷ್ಟು ವಿನ್ಯಾಸ ಎಂಬುದಕ್ಕೆ 12ನೇ ಶತಮಾನದ ಹೇಮಚಂದ್ರ ಕೊಟ್ಟ ಸರಣಿಯೂ ಇದೇ.

ಕವಲಿಗೆ ಲಿಂಡೆನ್‌ಮೇಯರ್ ಆವರಣ ಚಿಹ್ನೆ ಬಳಸಿದರು. ಆವರಣ ತೆರೆದರೆ ಕೊಂಬೆ ಹೊರಟಿತು. ಮುಚ್ಚಿದರೆ ಮತ್ತೆ ಕಾಂಡಕ್ಕೆ ವಾಪಸು.

ಇಂಥ ನಿಯಮಗಳ ವ್ಯಾಕರಣ ನಮ್ಮ ಅಂಗಳಕ್ಕೂ ಬಂದಿತ್ತು. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ದಂಪತಿ ಮತ್ತು ಕಮಲಾ ಕೃತಿವಾಸನ್ ಸೇರಿ 1974ರಲ್ಲಿ ಕೋಲಂಗೆ, ಅಂದರೆ ನಮ್ಮ ಚುಕ್ಕಿ ರಂಗೋಲಿಯ ಸೋದರಿಗೆ, ಸೂತ್ರ ಬರೆದರು. ಚಿಕ್ಕ ನಿಯಮವೊಂದು ದೊಡ್ಡ ಚಿತ್ರವಾಗಿ ಹಬ್ಬುವುದನ್ನು ಹೊಸಿಲ ಮುಂದೆಯೇ ಕಂಡವರು ಅವರು.

ಅಕ್ಷರದ ಸಾಲು ಗಿಡದಂತೆ ಕಾಣಲು ಇನ್ನೊಂದು ಜಾಣ್ಮೆ ಬೇಕಿತ್ತು. 1984ರಲ್ಲಿ ಆಲ್ವಿ ರೇ ಸ್ಮಿತ್ ಲಿಂಡೆನ್‌ಮೇಯರ್ ಸೂತ್ರಗಳಿಂದ ಕಂಪ್ಯೂಟರಿನಲ್ಲಿ ಗಿಡ ಬರೆದು ತೋರಿಸಿದರು. 1986ರಲ್ಲಿ ಪ್ರಜೆಮಿಸ್ಲಾವ್ ಪ್ರುಸಿಂಕಿಯೆವಿಚ್, ಮಕ್ಕಳ ಕಂಪ್ಯೂಟರ್ ಭಾಷೆ ‘ಲೋಗೋ’ದ ಆಮೆಯನ್ನು ಕರೆತಂದರು. ಒಂದು ಅಕ್ಷರಕ್ಕೆ ಆಮೆ ಮುಂದೆ ನಡೆದು ಗೆರೆ ಎಳೆಯುತ್ತದೆ, ಇನ್ನೊಂದಕ್ಕೆ ತಿರುಗುತ್ತದೆ. ಎಡ–ಬಲದ ಜತೆಗೆ ತಲೆ ಎತ್ತುವುದು–ತಗ್ಗಿಸುವುದು, ಮಗ್ಗುಲು ಹೊರಳುವುದು ಸೇರಿದೊಡನೆ ಗಿಡ ಕಾಗದ ಬಿಟ್ಟು ಮೂರು ಆಯಾಮಕ್ಕೆ ಎದ್ದಿತು. ಜೋಳದ ಗರಿಗೆ ಪ್ರತಿ ಗಿಣ್ಣಿನಲ್ಲಿ 180 ಡಿಗ್ರಿ ಹೊರಳಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಸೂರ್ಯಕಾಂತಿಯ ತಲೆಗೆ ಸುಮಾರು 137.5 ಬೇಕು. ಪ್ರುಸಿಂಕಿಯೆವಿಚ್ ಮತ್ತು ಲಿಂಡೆನ್‌ಮೇಯರ್ ಸೇರಿ ಬರೆದ ಪುಸ್ತಕ 1990ರಲ್ಲಿ ಹೊರಬಂತು. ಲಿಂಡೆನ್‌ಮೇಯರ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಮೆಕ್ಕೆಜೋಳದ ಸರದಿಯೂ ಬಂತು. ಫ್ರಾನ್ಸಿನ ಫೂರ್ನಿಯೆ ಮತ್ತು ಆಂದ್ರಿಯೂ 1990ರ ದಶಕದ ಕೊನೆಗೆ ಇದೇ ವಿಧಾನದಲ್ಲಿ ಮೂರು ಆಯಾಮದ ಜೋಳ ಬೆಳೆಸಿದರು. ಅದರ ಗರಿಗಳು ಬರಿದೆ ಸುತ್ತು ಎಣಿಸಿ ಚಾಚುವುದಿಲ್ಲ, ಉಷ್ಣಾಂಶವನ್ನು ಅನುಸರಿಸುತ್ತವೆ. ಯಾವ ಗರಿಗೆ ಎಷ್ಟು ಬಿಸಿಲು ಬೀಳುತ್ತದೆ, ಯಾವುದು ನೆರಳಲ್ಲಿ ಉಳಿಯುತ್ತದೆ ಎಂದು ಲೆಕ್ಕ ಹಾಕಲು ಇಂಥ ಗಿಡ ಒದಗುತ್ತದೆ.

ಸೂತ್ರದಲ್ಲಿ ಸುಳಿ ಸೂಲಂಗಿಯಾಗಿ ಬದಲಾಗುವ ಸಾಲೊಂದು ಇರಲೇಬೇಕು. ಹೊಲದಲ್ಲಿ ಆ ಗಳಿಗೆ ನಾವು ಎಣಿಸುವುದಕ್ಕಿಂತ ಬೇಗ ಬರುತ್ತದೆ. ಈ ಮುಂಗಾರಿನಲ್ಲಿ ಎಡೆಕುಂಟೆ ಹೊಡೆಯುವಾಗ ಮೊಣಕಾಲೆತ್ತರದ ಗಿಡವೊಂದು ಕಿತ್ತುಬಂದರೆ ಎಸೆಯಬೇಡಿ. ಕಾಂಡವನ್ನು ಉದ್ದಕ್ಕೆ ಸೀಳಿ ಭೂತಗನ್ನಡಿ ಹಿಡಿಯಿರಿ. ಹೊರಗೆ ಇನ್ನೂ ಗರಿ ಬಿಚ್ಚುತ್ತಿರುವಾಗಲೇ ಒಳಗೆ ಪುಟ್ಟ ಸೂಲಂಗಿ ಮೂಡಿರುತ್ತದೆ.