ಮದುವೆ ವಿಡಿಯೊ ತರಲು ಯಾವ ಡ್ರೈವ್ ಒಳ್ಳೇದು?

ಮಗಳ ಮದುವೆ ಮುಗಿದು ತಿಂಗಳಾಗಿರುತ್ತದೆ. ‘ವಿಡಿಯೊ ರೆಡಿ ಇದೆ, ಪೆನ್‌ಡ್ರೈವ್ ತಗೊಂಡು ಬನ್ನಿ ಮೇಡಂ’ ಎಂದು ಸ್ಟುಡಿಯೊದವರು ಫೋನ್ ಮಾಡುತ್ತಾರೆ. ಮನೆಯಲ್ಲಿದ್ದ 32 ಜಿಬಿ ಪೆನ್‌ಡ್ರೈವ್ ಹಿಡಿದು ಹೋದರೆ 6 ಜಿಬಿಯ ಒಂದು ವಿಡಿಯೊ ಅದರೊಳಗೆ ಹೋಗುವುದೇ ಇಲ್ಲ! ಜಾಗ ಬೇಕಾದಷ್ಟಿದೆ, ಆದರೂ ‘ಫೈಲ್ ತುಂಬಾ ದೊಡ್ಡದು’ ಎಂಬ ಸಂದೇಶ. ‘ಅಯ್ಯೋ, ಹೊಸದು ಕೊಂಡುಬಿಡೋಣ’ ಎನ್ನುವ ಮುಂಚೆ ಸ್ವಲ್ಪ ತಾಳಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಅನೇಕ ಮನೆಗಳ ಮಕ್ಕಳು ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಓಡಾಡುತ್ತಾರೆ. ಮನೆಯಲ್ಲೊಂದು ಕಂಪ್ಯೂಟರ್, ಅಲ್ಲೊಂದು ಲ್ಯಾಪ್‌ಟಾಪ್. ಮದುವೆ ವಿಡಿಯೊ, ಕಾಲೇಜಿನ ಪ್ರಾಜೆಕ್ಟ್, ಸಾವಿರಾರು ಫೋಟೊ ಎಲ್ಲವೂ ಅತ್ತಿತ್ತ ಸಾಗಬೇಕು. ಇಂಟರ್‌ನೆಟ್‌ನಲ್ಲೇ ಕಳಿಸೋಣ ಎಂದರೆ ಮೊಬೈಲ್ ಡೇಟಾ ಒಂದೇ ದಿನಕ್ಕೆ ಖಾಲಿ. ಹಾಗಾಗಿ ಕೈಚೀಲದಲ್ಲಿ ಹಿಡಿಸುವ ಡ್ರೈವ್ ಬೇಕೇ ಬೇಕು.

4 ಜಿಬಿಯ ಗುಟ್ಟು

ಅನೇಕ ಪೆನ್‌ಡ್ರೈವ್‌ಗಳು ‘ಫ್ಯಾಟ್32’ ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. 1996ರ ಸುಮಾರಿಗೆ ಬಂದ ಈ ಪದ್ಧತಿಯಲ್ಲಿ ಒಂದೊಂದು ಫೈಲ್ 4 ಜಿಬಿಗಿಂತ ದೊಡ್ಡದಿರುವಂತಿಲ್ಲ. ದೊಡ್ಡ ಕಡಾಯಿಯನ್ನು ಸಣ್ಣ ಬಾಗಿಲಿನ ಕಪಾಟಿಗೆ ತೂರಿಸಿದ ಹಾಗೆ. ಒಳಗೆ ಜಾಗವಿದ್ದರೂ ಬಾಗಿಲು ಸಾಲದು. 2006ರಲ್ಲಿ ಬಂದ ‘ಎಕ್ಸ್‌ಫ್ಯಾಟ್’ಗೆ ಈ ತೊಂದರೆ ಇಲ್ಲ. ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲಾ ಮೊದಲು ಬೇರೆಡೆ ಇಟ್ಟು, ಕಂಪ್ಯೂಟರ್‌ನಲ್ಲಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಒಳಗಿನದೆಲ್ಲಾ ಅಳಿಸಿಹೋಗುತ್ತದೆ, ಮರೆಯಬೇಡಿ. ವಿಂಡೋಸ್, ಮ್ಯಾಕ್ ಎರಡೂ ಇದನ್ನು ಓದುತ್ತವೆ. ನಿಮ್ಮ ಟಿವಿ ಹಳೆಯದಾಗಿದ್ದು ಓದದಿದ್ದರೆ, ವಿಡಿಯೊವನ್ನು ಎರಡು ಮೂರು ಭಾಗ ಮಾಡಿಕೊಡಲು ಸ್ಟುಡಿಯೊದವರನ್ನೇ ಕೇಳಿ.

ಮೂರರಲ್ಲಿ ಯಾವುದು?

ಪೆನ್‌ಡ್ರೈವ್: ಅಗ್ಗ, ಚಿಕ್ಕದು. 2000ದಲ್ಲಿ ಮಾರುಕಟ್ಟೆಗೆ ಬಂದಾಗ 8 ಎಂಬಿ ಹಿಡಿಸುತ್ತಿತ್ತು. ಈಗ 64, 128 ಜಿಬಿ ಮಾಮೂಲು. ಆಗೊಮ್ಮೆ ಈಗೊಮ್ಮೆ ಫೈಲ್ ಒಯ್ಯಲು ಸಾಕು. ಒಂದು ತುದಿ ಕಂಪ್ಯೂಟರ್‌ಗೆ, ಇನ್ನೊಂದು ಮೊಬೈಲ್‌ಗೆ ಹೊಂದುವಂಥದ್ದು ತೆಗೆದುಕೊಂಡರೆ ಫೋನಿನ ಫೋಟೊಗಳಿಗೂ ಆಯ್ತು.

ಪೋರ್ಟಬಲ್ ಹಾರ್ಡ್ ಡಿಸ್ಕ್: 1 ಟಿಬಿ, 2 ಟಿಬಿ ಜಾಗ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಆದರೆ ಒಳಗೆ ತಿರುಗುವ ತಟ್ಟೆ ಇರುತ್ತದೆ. ಕೆಲಸ ಮಾಡುವಾಗ ಬಿದ್ದರೆ ಕೆಟ್ಟಂತೆಯೇ. ಮನೆಯ ಬೀರುವಿನಲ್ಲಿ ಇಟ್ಟುಕೊಳ್ಳಲು ಇದು ಸರಿ.

ಎಸ್‌ಎಸ್‌ಡಿ: ಒಳಗೆ ತಿರುಗುವುದೇನೂ ಇಲ್ಲ. ಬೆಲೆ ಜಾಸ್ತಿ, ವೇಗವೂ ಜಾಸ್ತಿ. ಮಾಗಡಿ, ಕನಕಪುರಕ್ಕೆ ರೈಲಿಲ್ಲ, ದಿನಾ ಬಸ್ಸಿನಲ್ಲೇ ಕುಲುಕಾಡಿಕೊಂಡು ಓಡಾಡುವ ಮಕ್ಕಳ ಬ್ಯಾಗಿಗೆ ಇದೇ ವಾಸಿ. ಹಾಗಂತ ಇದರಲ್ಲಿ ಫೋಟೊ ತುಂಬಿ ವರ್ಷಗಟ್ಟಲೆ ಕರೆಂಟಿಲ್ಲದೆ ಇಡಬೇಡಿ. ಪೆನ್‌ಡ್ರೈವ್‌ಗೂ ಇದೇ ಮಾತು.

ವೇಗದ ಲೆಕ್ಕ

60 ಜಿಬಿ ಕಾಪಿ ಮಾಡಬೇಕು ಅಂದುಕೊಳ್ಳಿ. ಸೆಕೆಂಡಿಗೆ 10 ಎಂಬಿ ಬರೆಯುವ ಅಗ್ಗದ ಪೆನ್‌ಡ್ರೈವ್‌ಗೆ 1 ಗಂಟೆ 40 ನಿಮಿಷ ಬೇಕು. 100 ಎಂಬಿ ಬರೆಯುವ ಹಾರ್ಡ್ ಡಿಸ್ಕ್‌ಗೆ 10 ನಿಮಿಷ. 400 ಎಂಬಿಯ ಎಸ್‌ಎಸ್‌ಡಿಗೆ ಎರಡೂವರೆ ನಿಮಿಷ! ಆದರೆ ಕಂಪ್ಯೂಟರ್‌ನ ಕಿಂಡಿಯೂ ಯುಎಸ್‌ಬಿ 3.0 ಇರಬೇಕು. ಸಾಮಾನ್ಯವಾಗಿ ಅದರೊಳಗೆ ನೀಲಿ ಬಣ್ಣವಿರುತ್ತದೆ. ಹಳೆಯ 2.0 ಕಿಂಡಿಗೆ ಸಿಕ್ಕಿಸಿದರೆ ದುಬಾರಿ ಡ್ರೈವ್ ಕೂಡ ಆಮೆನಡಿಗೆಯೇ.

ಅಂಗಡಿಯಲ್ಲಿ ಮೋಸ ಹೋಗಬೇಡಿ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡು ನೋಡದೆ ಬೆಲೆ ಕಟ್ಟೋರುಂಟಾ? ಇಲ್ಲೂ ಅಷ್ಟೇ. ‘2 ಟಿಬಿ ಪೆನ್‌ಡ್ರೈವ್ ಬರೀ ಐನೂರು ರೂಪಾಯಿ’ ಎಂದು ಯಾರಾದರೂ ಕೊಟ್ಟರೆ ಅದು ನಕಲಿಯೇ. ಕಂಪ್ಯೂಟರ್‌ನಲ್ಲಿ 2 ಟಿಬಿ ಎಂದು ತೋರಿಸುತ್ತದೆ, ನಿಜವಾಗಿ ಇರುವುದು ಅದರಲ್ಲಿ ಚೂರು ಪಾಲು. ಅದು ತುಂಬಿದ ಮೇಲೆ ಹಾಕಿದ ಫೈಲ್‌ಗಳು ಹಾಳಾಗುತ್ತವೆ, ಅದೂ ನಿಮಗೆ ಗೊತ್ತೇ ಆಗದಂತೆ. ಕೊಂಡ ವಾರದಲ್ಲೇ ಡ್ರೈವ್ ಪೂರ್ತಿ ತುಂಬಿಸಿ, ತೆಗೆದು ಮತ್ತೆ ಸಿಕ್ಕಿಸಿ, ಕೊನೆಕೊನೆಯ ವಿಡಿಯೊಗಳನ್ನು ತೆರೆದು ನೋಡಿ. ಬಿಲ್ ಮತ್ತು ವಾರಂಟಿ ಚೀಟಿ ಜೋಪಾನ. ಅಂದಹಾಗೆ 64 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ ಸುಮಾರು 59 ಜಿಬಿ ಎಂದು ಕಂಡರೆ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲಬೇಡಿ. ಕಂಪನಿ ಲೆಕ್ಕವೇ ಬೇರೆ, ಕಂಪ್ಯೂಟರ್ ಲೆಕ್ಕವೇ ಬೇರೆ.

ಇವು ನೆನಪಿರಲಿ

* ಕಾಪಿ ಮುಗಿದ ಕೂಡಲೇ ಕಿತ್ತುಕೊಳ್ಳಬೇಡಿ. ‘ಇಜೆಕ್ಟ್’ ಒತ್ತಿ, ಆಮೇಲೆ ತೆಗೆಯಿರಿ. ಅವಸರ ಮಾಡಿದರೆ ಫೈಲ್ ಅರ್ಧಂಬರ್ಧ ಉಳಿದೀತು.

* ಜೆರಾಕ್ಸ್ ಅಂಗಡಿ, ಸ್ಟುಡಿಯೊಗೆ ಕೊಡಲು ಬೇರೆಯೇ ಪೆನ್‌ಡ್ರೈವ್ ಇರಲಿ. ಹತ್ತು ಜನರ ಡ್ರೈವ್ ಸಿಕ್ಕಿಸುವ ಕಂಪ್ಯೂಟರ್‌ನಿಂದ ವೈರಸ್ ಅಂಟಿಕೊಳ್ಳುವುದು ಸುಲಭ. ಮನೆಯ ಫೋಟೊ, ಬ್ಯಾಂಕ್ ಕಾಗದ ಅದರಲ್ಲಿ ಬೇಡ.

* ಮನೆಗೆ ತಂದ ಮೇಲೆ ಮೊದಲು ವೈರಸ್ ತಪಾಸಣೆ, ನಂತರವೇ ತೆರೆಯಿರಿ.

* ಸ್ಟುಡಿಯೊದಲ್ಲೇ ವಿಡಿಯೊವನ್ನು ಒಮ್ಮೆ ಓಡಿಸಿ ನೋಡಿ. ಅವರು ತಮ್ಮ ಪ್ರತಿಯನ್ನು ಎಷ್ಟು ದಿನ ಇಡುತ್ತಾರೆಂದೂ ಕೇಳಿ.

ಕೊನೆಯದಾಗಿ ಒಂದು ಮಾತು. ಡ್ರೈವ್ ಕೆಟ್ಟರೆ ಇನ್ನೊಂದು ಕೊಳ್ಳಬಹುದು, ಧಾರೆಯ ಗಳಿಗೆ ಮತ್ತೆ ಬರುವುದಿಲ್ಲ. ವಾರಂಟಿಯಲ್ಲಿ ಹೊಸ ಡ್ರೈವ್ ಸಿಕ್ಕೀತು, ಒಳಗಿದ್ದ ವಿಡಿಯೊ ಸಿಗದು. ಅದಕ್ಕೇ ಒಂದು ಪ್ರತಿ ಕಂಪ್ಯೂಟರ್‌ನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಮೂರನೆಯದು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ವರ್ಷಕ್ಕೊಮ್ಮೆ, ಹಬ್ಬಕ್ಕೆ ಬೀರು ಒರೆಸುವಾಗ, ಆ ಡ್ರೈವನ್ನೂ ಸಿಕ್ಕಿಸಿ ನೋಡಿ. ಮಕ್ಕಳಿಗೆ ಹೇಳಿ ಕೂರಬೇಕಿಲ್ಲ, ಇದು ನೀವೇ ಮಾಡುವಂಥ ಕೆಲಸ.